ಪರ್ಫ್ ಬಿಲ್ಡ್ ಆಗ್ತಿತ್ತು, ಆದ್ರೆ ಎಲ್ಲಿ ಆಗ್ತಿತ್ತು?

ನಮ್ಮನೆ ಇರೋದು ಶಿರಸಿಯಿಂದ ಹುಲೇಕಲ್ ಕಡೆ ಹೋಗೋ ದಾರಿಯಿಂದ ಸ್ವಲ್ಪ ಒಳಗೆ. ಮನೆ ಹಿಂದೆ ಅಡಿಕೆ ತೋಟ, ಅಂಗಳದ ಮೂಲೇಲಿ ನಾನು ಹೋದ ವರ್ಷ ನಿಲ್ಸಿದ ಮಳೆ ಮಾಪಕ. ಅದರೊಳಗೆ ತಕ್ಕಡಿ ಥರ ಎರಡು ಪುಟ್ಟ ಬಟ್ಟಲು, ಒಂದು ತುಂಬಿದ ಕೂಡ್ಲೇ ಮಗುಚಿ ಇನ್ನೊಂದು ಮೇಲೆ ಬರ್ತದೆ, ಮಗುಚುವಾಗ ಒಂದು ಮ್ಯಾಗ್ನೆಟ್ಟು ರೀಡ್ ಸ್ವಿಚ್ಚಿನ ಮುಂದೆ ಹಾದು ಹೋಗ್ತದೆ, ಒಂದು ಸಲ ಮಗುಚಿದ್ರೆ 0.2 ಮಿಲಿಮೀಟರ್ ಮಳೆ ಅಂತ ಲೆಕ್ಕ. ಆ ಸ್ವಿಚ್ಚಿನ ವಯರು ಗೋಡೆ ದಾಟಿ ಒಳಗೆ ಬಂದು ರಾಸ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರಿನ ಜಿಪಿಐಓ ಪಿನ್ನಿಗೆ (ಹೊರಗಿನ ಸಿಗ್ನಲ್ ಓದೋ ಪಿನ್ನು) ಸೇರ್ತದೆ. ಅಪ್ಪಂಗೆ ಈ ಲೆಕ್ಕ ಬೇಕು, ಯಾಕಂದ್ರೆ ಕೊಳೆರೋಗ ಬರದಂಗೆ ಮೊದಲನೇ ಔಷಧಿ ಮಳೆ ಹಿಡಿಯೋದ್ರೊಳಗೆ ಹೊಡ್ದು, ಎರಡನೇದು 40-45 ದಿನ ಬಿಟ್ಟು ಹೊಡಿಬೇಕು, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ, ಹೊಡೆದ ಮೇಲೆ ಎಷ್ಟು ಮಳೆ ಬಿತ್ತು ಅನ್ನೋದು ಗೊತ್ತಿದ್ರೆ ಮುಂದಿನದಕ್ಕೆ ಮರ ಹತ್ತಿ ಔಷಧಿ ಹೊಡಿಯೋ ಕೊನೆಗಾರನ್ನ ಯಾವಾಗ ಕರೀಬೇಕು ಅಂತ ನಿರ್ಧಾರ ಮಾಡೋದು ಸುಲಭ.

ತೊಂದರೆ ಎಂತ ಅಂದ್ರೆ ಮಳೆ ಇಲ್ದಿದ್ದಾಗ್ಲೂ ಲೆಕ್ಕ ಏರ್ತಿತ್ತು. ಅಪ್ಪ ಒಂದು ಗಾಜಿನ ಅಳತೆ ಪಾತ್ರೆನೂ ಇಟ್ಟಿದಾರೆ, ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಪಂಚಾಂಗದ ಅಂಚಿನಲ್ಲಿ ಬರೀತಾರೆ, ನನ್ನ ಪೈ ಹೇಳೋ ಲೆಕ್ಕ ಅದಕ್ಕಿಂತ ಕೆಲವು ದಿನ 2 ಮಿಲಿಮೀಟರ್ ಜಾಸ್ತಿ, ಕೆಲವು ದಿನ 5. ಪೈನಲ್ಲಿ ಈ ಲೆಕ್ಕ ಬರೆದಿಡೋ ನನ್ನ ಲಾಗರ್ ಪ್ರೋಗ್ರಾಮು ಒಂದು ಸಿಗ್ನಲ್ಲನ್ನ ಎರಡು ಸಲ ಎಣಿಸ್ತಾ ಇದೆಯೋ, ಇಲ್ಲ ನಿಜವಾಗ್ಲೂ ಕರ್ನಲ್‌ಗೇ (ಲಿನಕ್ಸಿನ ತಿರುಳು) ಇಂಟರಪ್ಟ್, ಅಂದ್ರೆ ಪಿನ್ನಿನಿಂದ ಎಚ್ಚರಿಸೋ ಕರೆ, ಬರ್ತಾ ಇದೆಯೋ ಅಂತ ತಿಳ್ಕೊಳ್ಳದೇ ಮುಂದೆ ಹೋಗೋ ಹಾಗಿರ್ಲಿಲ್ಲ. ಅದನ್ನ ನೋಡೋಕೆ ಸರಿಯಾದ ಸಾಮಾನು ಪರ್ಫ್, ಕರ್ನಲ್ಲಿನೊಳಗೆ ಯಾವಾಗ ಎಂತ ನಡೀತು ಅಂತ ದಾಖಲಿಸೋ ಪ್ರೋಗ್ರಾಮು. 2009ರಲ್ಲಿ 2.6.31ರ ಜೊತೆ ಲಿನಕ್ಸ್ ಕರ್ನಲ್ಲಿಗೆ ಸೇರಿದ್ದು ಅದು, ಅದರ ಸೋರ್ಸ್ ಬೇರೆಲ್ಲೂ ಇಲ್ಲ, ಕರ್ನಲ್ ಸೋರ್ಸಿನೊಳಗೇ ಟೂಲ್ಸ್/ಪರ್ಫ್ ಅನ್ನೋ ಫೋಲ್ಡರಿನಲ್ಲಿದೆ. ಇಂಟರಪ್ಟ್ ಹ್ಯಾಂಡ್ಲರಿನೊಳಗೆ ಕರ್ನಲ್ ಹೊಕ್ಕಾಗಲೆಲ್ಲ ಐಆರ್‌ಕ್ಯು_ಹ್ಯಾಂಡ್ಲರ್_ಎಂಟ್ರಿ ಅನ್ನೋ ಟ್ರೇಸ್‌ಪಾಯಿಂಟ್ (ಇಲ್ಲಿ ಹಾದೆ ಅಂತ ಕರ್ನಲ್ ಹಾಕೋ ಗುರುತು) ಹೊಡೀತದೆ, ಅದನ್ನ ಪರ್ಫ್‌ನಲ್ಲಿ ಹಿಡಿದ್ರೆ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಯಾವಾಗ ಬಂತು ಅಂತ ಗೊತ್ತಾಗ್ತದೆ.

ಪೈ ಮೇಲೆ 6.6 ಕರ್ನಲ್ಲಿನ ಸೋರ್ಸ್ ಆಗ್ಲೇ ಇಳ್ಸಿಟ್ಟಿದ್ದೆ, ಹಾಗಾಗಿ ಅಲ್ಲೇ ಬಿಲ್ಡ್ ಮಾಡೋಣ, ಅಂದ್ರೆ ಸೋರ್ಸನ್ನ ಕಂಪೈಲ್ ಮಾಡಿ ಓಡೋ ಪ್ರೋಗ್ರಾಮ್ ಮಾಡೋಣ ಅಂತ ಕೂತೆ. ಲಿನಕ್ಸ್ ಫೋಲ್ಡರಿನಲ್ಲಿ ನಿಂತು ಬಿಲ್ಡ್ ಅಂತ ಒಂದು ಖಾಲಿ ಫೋಲ್ಡರ್ ಮಾಡಿ, ಮೇಕ್ -ಸಿ ಟೂಲ್ಸ್/ಪರ್ಫ್ ಓ=ಬಿಲ್ಡ್ ಅಂತ ಕೊಟ್ಟೆ. ಮೇಕ್ ಅಂದ್ರೆ ಬಿಲ್ಡ್ ಮಾಡಿಸೋ ಪ್ರೋಗ್ರಾಮು, -ಸಿ ಅಂದ್ರೆ ಮೊದ್ಲು ಆ ಫೋಲ್ಡರಿಗೆ ಹೋಗಿ ಕೆಲಸ ಮಾಡು ಅನ್ನೋದು, ಓ ಅಂದ್ರೆ ಔಟ್‌ಪುಟ್ ಎಲ್ಲಿ ಹೋಗ್ಬೇಕು ಅನ್ನೋದು, ಸೋರ್ಸ್ ಫೋಲ್ಡರಿನಲ್ಲಿ ಕಸ ಆಗಬಾರ್ದು ಅಂತ ಹಾಗೆ ಮಾಡೋದು. ತಕ್ಷಣ ಎರರ್ ಬಂತು, ಲಿಬ್‌ಟ್ರೇಸ್‌ಇವೆಂಟ್ ಇಲ್ಲ, ಅದನ್ನ ಇನ್‌ಸ್ಟಾಲ್ ಮಾಡು ಅಥವಾ ನೋ_ಲಿಬ್‌ಟ್ರೇಸ್‌ಇವೆಂಟ್=1 ಅಂತ ಕೊಡು ಅಂತ. ಟ್ರೇಸ್‌ಪಾಯಿಂಟ್ ಓದೋಕೆ ಪರ್ಫ್‌ಗೆ ಬೇಕಾದ ಈ ಲೈಬ್ರರಿ ಮುಂಚೆ ಕರ್ನಲ್ ಸೋರ್ಸಿನೊಳಗೇ ಇತ್ತು, 2023ರಲ್ಲಿ ಬಂದ 6.2ರಿಂದ ತೆಗ್ದು ಹಾಕಿದಾರೆ, ಈಗ ನಾವೇ ಹೊರಗಿಂದ ಹಾಕ್ಕೋಬೇಕು. ಆವತ್ತು ಎರಡು ದಿನದಿಂದ ಗಾಳಿಮಳೆ, ಮರ ಬಿದ್ದು ಕೇಬಲ್ ಹರ್ದು ನೆಟ್ ಇರ್ಲಿಲ್ಲ, ಮೊಬೈಲಲ್ಲಿ ಒಂದು ಕಡ್ಡಿ ಸಿಗ್ನಲ್ಲು. ಸದ್ಯಕ್ಕೆ ಪರ್ಫ್ ಅನ್ನೋದೊಂದು ನಡೀಲಿ, ಟ್ರೇಸ್‌ಪಾಯಿಂಟ್ ಆಮೇಲೆ ನೋಡೋಣ ಅಂತ ಆ ನೋ ಆಪ್ಷನ್ ಕೊಟ್ಟೆ. ಕಾಲು ಗಂಟೆ ಹತ್ರ ತಗೊಂಡು ಬಿಲ್ಡ್ ಆಯ್ತು, ಯುಎಸ್‌ಆರ್/ಲೋಕಲ್/ಬಿನ್‌ಗೆ ಕಾಪಿ ಮಾಡ್ದೆ, ಪರ್ಫ್ ಸ್ಟಾಟ್ ಚೆನ್ನಾಗಿ ಓಡ್ತು.

ಮೂರು ದಿನ ಬಿಟ್ಟು ನೆಟ್ ಬಂತು, ಲಿಬ್‌ಟ್ರೇಸ್‌ಇವೆಂಟ್‌ನ ಡೆವ್ ಪ್ಯಾಕೇಜ್ ಹಾಕಿದೆ. ಈ ಮಧ್ಯೆ ಇನ್ನೊಂದು ಕೆಲಸ ಮಾಡಿದ್ದೆ, ಮುಂಚೆ ಇದ್ದ ಒಂದು ಬ್ಯಾಶ್ ಸ್ಕ್ರಿಪ್ಟನ್ನ ಪೈಥಾನಿಗೆ ಬದ್ಲಾಯ್ಸಿದ್ದೆ, ಕ್ಲೀನ್ ಮಾಡು, ಪರ್ಫ್ ಬಿಲ್ಡ್ ಮಾಡು, ಕಾಪಿ ಮಾಡು, ಎಲ್ಲ ಒಂದೇ ಸಲಕ್ಕೆ ಆಗ್ಲಿ ಅಂತ. ಸಬ್‌ಪ್ರಾಸೆಸ್.ರನ್ ಅಂತ ಪೈಥಾನಿನಲ್ಲಿ ಬರ್ತದಲ್ಲ, ಅದಕ್ಕೆ ಕಮಾಂಡನ್ನ ಲಿಸ್ಟ್ ಆಗಿ ಕೊಟ್ಟು, ಅದು ಯಾವ ಫೋಲ್ಡರಿನಲ್ಲಿ ನಿಂತು ಓಡ್ಬೇಕು ಅಂತ ಹೇಳೋ ಸಿಡಬ್ಲ್ಯುಡಿ ಅನ್ನೋ ಆರ್ಗ್ಯುಮೆಂಟಿಗೆ ಲಿನಕ್ಸ್ ಫೋಲ್ಡರಿನ ಹೆಸರು ಕೊಟ್ಟೆ. ಬಿಲ್ಡಿನ ಉದ್ದುದ್ದ ಸಾಲುಗಳು ಕಣ್ಣಿಗೆ ರಾಚೋದು ಬೇಡ ಅಂತ ಔಟ್‌ಪುಟ್ಟನ್ನ ಹಿಡಿದಿಟ್ಟು, ಎರರ್ ಬಂದ್ರೆ ಮಾತ್ರ ತೋರ್ಸೋ ಹಾಗೆ ಮಾಡಿದ್ದೆ. ಇದನ್ನ ನೆನಪಿಟ್ಕೊಳ್ಳಿ. ಸ್ಕ್ರಿಪ್ಟ್ ಇದ್ದಿದ್ದು ನನ್ನ ಲಾಗರ್ ಪ್ರಾಜೆಕ್ಟಿನ ಫೋಲ್ಡರಿನಲ್ಲಿ, ಅದರ ಹೆಸರು ಮಳೆ, ನಾನು ಅಲ್ಲಿಂದ್ಲೇ ಓಡಿಸ್ತಿದ್ದೆ. ಇದನ್ನೂ ನೆನಪಿಟ್ಕೊಳ್ಳಿ.

ಸ್ಕ್ರಿಪ್ಟ್ ಓಡ್ತು, ಕಾಲು ಗಂಟೆ ತಗೊಳ್ತು, ಎರರ್ ಇಲ್ಲ, ಆಯ್ತು ಅಂತ ಪ್ರಿಂಟ್ ಬಂತು. ಪರ್ಫ್ ರೆಕಾರ್ಡಿಗೆ ಆ ಇಂಟರಪ್ಟ್ ಟ್ರೇಸ್‌ಪಾಯಿಂಟ್ ಕೊಟ್ರೆ, ಈ ಟ್ರೇಸ್‌ಪಾಯಿಂಟ್ ಸಪೋರ್ಟ್ ಇಲ್ಲ, ಲಿಬ್‌ಟ್ರೇಸ್‌ಇವೆಂಟ್ ಬೇಕು ಅಂತ ಮತ್ತದೇ ಪಾಠ. ಪರ್ಫ್ ವರ್ಷನ್ನಿಗೆ ಬಿಲ್ಡ್-ಆಪ್ಷನ್ಸ್ ಅಂತ ಕೊಟ್ರೆ ಯಾವ ಯಾವ ಲೈಬ್ರರಿ ಸೇರಿದೆ ಅಂತ ಪಟ್ಟಿ ಬರ್ತದೆ, ಅದರಲ್ಲಿ ಲಿಬ್‌ಟ್ರೇಸ್‌ಇವೆಂಟ್ ಎದುರಿಗೆ ಆಫ್. ಲೈಬ್ರರಿ ಮಾತ್ರ ಸರಿಯಾಗಿ ಕೂತಿದೆ, ಪ್ಯಾಕೇಜ್-ಕಾನ್ಫಿಗ್ ಕೇಳಿದ್ರೆ ಹೌದು ಇದೆ ಅಂತ ಪಾತ್ ಸಮೇತ ಹೇಳ್ತದೆ.

ಇಲ್ಲಿಂದ ಮುಂದೆ ಎರಡು ಸಂಜೆ ಹೋಯ್ತು. ಮೊದ್ಲು ಬಂದ ಅನುಮಾನ ಎರಡು ಪರ್ಫ್ ಇರಬಹುದು ಅಂತ, ವಿಚ್ -ಎ ಹಾಕಿ ನೋಡಿದ್ರೆ ಒಂದೇ ಇತ್ತು. ಆಮೇಲೆ ಫೀಚರ್-ಡಂಪ್ ಮೇಲೆ ಕಣ್ಣು ಹೋಯ್ತು. ಪರ್ಫ್ ಬಿಲ್ಡ್ ಆಗೋವಾಗ ಮೊದ್ಲು ಸಣ್ಣ ಸಣ್ಣ ಸಿ ಫೈಲುಗಳನ್ನ ಕಂಪೈಲ್ ಮಾಡಿ ನೋಡ್ತದೆ, ಈ ಲೈಬ್ರರಿ ಇದೆಯಾ ಆ ಲೈಬ್ರರಿ ಇದೆಯಾ ಅಂತ, ಸಿಕ್ಕಿದ್ದನ್ನ ಔಟ್‌ಪುಟ್ ಫೋಲ್ಡರಿನ ಫೀಚರ್-ಡಂಪ್ ಅನ್ನೋ ಫೈಲಿನಲ್ಲಿ ಬರೆದಿಡ್ತದೆ. ಹಳೇ ಉತ್ತರ ಅಲ್ಲೇ ಕೂತಿರಬಹುದು ಅಂತ ಲಿನಕ್ಸ್/ಬಿಲ್ಡ್ ಒಳಗಿನ ಆ ಫೈಲನ್ನ ಅಳಿಸಿ ಮತ್ತೆ ಸ್ಕ್ರಿಪ್ಟ್ ಓಡ್ಸಿದೆ. ಇನ್ನೂ ಆಫ್. ಅಳಿಸಿದ ಫೈಲು ಮತ್ತೆ ಹುಟ್ಟಿತಾ ಅಂತ ನೋಡ್ಲೇ ಇಲ್ಲ. ನೋಡಿದ್ರೆ ಅವತ್ತೇ ಮುಗೀತಿತ್ತು.

ಮೂರನೇ ಅನುಮಾನ ಗಡಿಯಾರದ ಮೇಲೆ. ಪೈ 4ರಲ್ಲಿ ಬ್ಯಾಟರಿ ಇರೋ ಗಡಿಯಾರ ಇಲ್ಲ, ಕರೆಂಟು ಹೋಗಿ ಇನ್ವರ್ಟರ್ ಬ್ಯಾಟರಿನೂ ಮುಗಿದು ಪೈ ಆಫ್ ಆಗಿ ಮತ್ತೆ ಎದ್ರೆ, ನೆಟ್ ಇಲ್ದಿದ್ದಾಗ ಅದು ತಾನು ಮಲಗಿದ ಹೊತ್ತಿನಿಂದ್ಲೇ ಎಣಿಕೆ ಮುಂದುವರಿಸ್ತದೆ. ಆಮೇಲೆ ನೆಟ್ ಬಂದಾಗ ಸಮಯ ಜಿಗೀತದೆ. ಮೇಕ್ ಅನ್ನೋದು ಪೂರ್ತಿ ಫೈಲಿನ ಸಮಯ ನೋಡಿ ನಡಿಯೋ ಪ್ರೋಗ್ರಾಮು, ಸೋರ್ಸಿಗಿಂತ ಆಬ್ಜೆಕ್ಟ್ ಫೈಲು (ಕಂಪೈಲ್ ಆದ ತುಂಡು, ಹೆಸರಿನ ಕೊನೆಗೆ .ಓ) ಹೊಸದಾಗಿ ಕಂಡ್ರೆ ಮತ್ತೆ ಕಂಪೈಲೇ ಮಾಡಲ್ಲ. ಈ ಅನುಮಾನಕ್ಕೆ ಇನ್ನೊಂದು ಬೆಂಬಲನೂ ಇತ್ತು: ಈಚೆಗೆ ನನ್ನ ಲಾಗರ್ ಪ್ರೋಗ್ರಾಮು, ಒಂದು ಸಾಲು ತಿದ್ದಿದ್ರೂ ಸಾಕು, ಎಲ್ಲ ಫೈಲೂ ಮೊದಲಿಂದ ಕಂಪೈಲ್ ಆಗ್ತಿತ್ತು. ಸಮಯ ಹೆಚ್ಚುಕಮ್ಮಿ ಆಗಿ ಎರಡೂ ಕಡೆ ತೊಂದರೆ ಅಂತ ತೀರ್ಮಾನ ಮಾಡಿ, ಸಮಯ ಸರಿ ಮಾಡಿ, ಸೋರ್ಸ್ ಫೈಲುಗಳಿಗೆಲ್ಲ ಟಚ್ ಕೊಟ್ಟು ಮತ್ತೆ ಓಡ್ಸಿದೆ. ಮತ್ತೂ ಆಫ್.

ಕುಮಟೆಯಲ್ಲಿ ನಮ್ಮ ಭಾವ ಇದಾನೆ, ಅವನಿಗೂ ಇದರದ್ದೇ ಹುಚ್ಚು, ರಾತ್ರಿ ಫೋನ್ ಮಾಡಿ ಎಲ್ಲ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು ಒಂದೇ ಪ್ರಶ್ನೆ ಕೇಳ್ದ, "ಭಾವ, ಆ ಬಿಲ್ಡ್ ಫೋಲ್ಡರನ್ನೇ ಪೂರ್ತಿ ತೆಗೆದ್ ಹಾಕಿ ನೋಡಿದ್ಯ?" ನನ್ನ ಸ್ಕ್ರಿಪ್ಟಿನಲ್ಲಿ ಕ್ಲೀನ್ ಇದೆಯಲ್ಲ ಅಂದೆ. "ಕ್ಲೀನ್ ಬೇರೆ, ತೆಗೆಯೋದು ಬೇರೆ, ಆರ್‌ಎಮ್ ಹೊಡಿ ಮಾರಾಯ." ಫೋನ್ ಹಿಡ್ಕೊಂಡೇ ಲಿನಕ್ಸ್/ಬಿಲ್ಡ್ ಫೋಲ್ಡರನ್ನ ಅಳಿಸಿ ಸ್ಕ್ರಿಪ್ಟ್ ಓಡ್ಸಿ ಊಟಕ್ಕೆ ಹೋದೆ. ಬಂದು ನೋಡ್ತೇನೆ, ಮೇಕ್ ಪಾಸಾಗಿದೆ, ರಿಟರ್ನ್ ಕೋಡ್ ಸೊನ್ನೆ, ಆದ್ರೆ ಅದರ ಮುಂದಿನ ಕಾಪಿ ಮಾಡೋ ಸಾಲಿನಲ್ಲಿ ಪೈಥಾನ್ ಬಿದ್ದಿದೆ, ಫೈಲ್ ನಾಟ್ ಫೌಂಡ್. ಬಿಲ್ಡ್ ಯಶಸ್ವಿ, ಆದ್ರೆ ಬಿಲ್ಡ್ ಆದ ವಸ್ತುನೇ ಇಲ್ಲ!

ಆಗ ಮೈ ಜುಮ್ ಅಂತು. ಕಾಲು ಗಂಟೆ ನಾಲ್ಕೂ ಕೋರು ಬಿಸಿಯಾಗಿ ಕೆಲಸ ಮಾಡಿದೆ ಅಂದ್ರೆ ಎಲ್ಲೋ ಒಂದು ಕಡೆ ಪರ್ಫ್ ಹುಟ್ಟಿರಲೇಬೇಕು. ಫೈಂಡ್ ಕಮಾಂಡಿನಲ್ಲಿ ಹೋಮ್ ಫೋಲ್ಡರಿನ ಕೆಳಗೆ ಕಳೆದ ಅರ್ಧ ಗಂಟೇಲಿ ಬದಲಾದ ಪರ್ಫ್ ಅನ್ನೋ ಹೆಸರಿನ ಫೈಲ್ ಹುಡುಕು ಅಂತ ಕೊಟ್ಟೆ. ಒಂದೇ ಸಾಲು ಬಂತು: ಮಳೆ/ಬಿಲ್ಡ್/ಪರ್ಫ್. ಅಲ್ಲಿಗೆ ಹೋಗಿ ನೇರ ಓಡ್ಸಿ ಬಿಲ್ಡ್-ಆಪ್ಷನ್ಸ್ ಕೇಳಿದ್ರೆ ಲಿಬ್‌ಟ್ರೇಸ್‌ಇವೆಂಟ್ ಆನ್. ಅಂದ್ರೆ ಮೊದಲ ದಿನದಿಂದ್ಲೂ ಹೊಸ ಪರ್ಫ್ ಸರಿಯಾಗೇ ತಯಾರಾಗಿ ನನ್ನ ಲಾಗರ್ ಪ್ರಾಜೆಕ್ಟಿನ ಬಿಲ್ಡ್ ಫೋಲ್ಡರಿನಲ್ಲಿ ಬೀಳ್ತಿತ್ತು, ನಾನು ಲಿನಕ್ಸ್/ಬಿಲ್ಡ್‌ನಲ್ಲಿದ್ದ ಮೊದಲ ದಿನದ ಹಳೇ ಬೈನರಿಯನ್ನೇ ಮತ್ತೆ ಮತ್ತೆ ಕಾಪಿ ಮಾಡ್ತಿದ್ದೆ. ಎರಡೂ ಕಡೆ ಬಿಲ್ಡ್ ಅನ್ನೋ ಫೋಲ್ಡರ್ ಇತ್ತು, ಒಂದು ನಾನು ಪರ್ಫ್‌ಗೆ ಮಾಡಿದ್ದು, ಇನ್ನೊಂದು ಲಾಗರನ್ನ ಬಿಲ್ಡ್ ಮಾಡೋ ಸಿಮೇಕ್‌ಗೆ ಅಂತ ಲಾಗರಿನಲ್ಲಿ ಇದ್ದದ್ದು. ಹೆಸರು ಬೇರೆ ಇದ್ದಿದ್ರೆ ಮೊದಲ ಸಲವೇ ಆ ಫೋಲ್ಡರ್ ಇಲ್ಲ ಅಂತ ಎರರ್ ಬಂದು ಐದು ನಿಮಿಷದಲ್ಲಿ ಗೊತ್ತಾಗ್ತಿತ್ತು.

ಲಾಗರು ಪ್ರತೀ ಸಲ ಮೊದಲಿಂದ ಕಂಪೈಲ್ ಆಗೋದಕ್ಕೂ ಇಲ್ಲೇ ಉತ್ತರ ಸಿಕ್ತು. ಪರ್ಫ್‌ನ ಕ್ಲೀನ್ ಇದೆಯಲ್ಲ, ಅದು ತಾನು ಮಾಡಿದ ಫೈಲುಗಳ ಪಟ್ಟಿ ಹಿಡ್ಕೊಂಡು ಅಳಿಸೋದಿಲ್ಲ, ಔಟ್‌ಪುಟ್ ಫೋಲ್ಡರಿನ ಒಳಗೆ ಫೈಂಡ್ ಹಾಕಿ ಸಿಕ್ಕ .ಓ ಫೈಲುಗಳನ್ನೆಲ್ಲ ಅಳಿಸ್ತದೆ. ಸ್ಕ್ರಿಪ್ಟಿನ ಕ್ಲೀನ್ ಕೂಡ ಅದೇ ತಪ್ಪು ಜಾಗದಲ್ಲಿ ನಡೀತಿತ್ತಲ್ಲ, ನನ್ನ ಲಾಗರಿನ ಆಬ್ಜೆಕ್ಟ್ ಫೈಲುಗಳು ಗುಡಿಸಿ ಹೋಗ್ತಿದ್ವು. ಗಡಿಯಾರದ್ದು ಏನೂ ತಪ್ಪಿಲ್ಲ. ಇದು ನೋಡಿ ಸ್ವಲ್ಪ ಹೆದರಿಕೆನೂ ಆಯ್ತು, ಬರೇ .ಓ ಫೈಲು ಹೋದ್ರೆ ಮತ್ತೆ ಹುಟ್ಟಿಸ್ಬಹುದು, ಆದ್ರೆ ಅಳಿಸೋ ಕಮಾಂಡು ಎಲ್ಲಿ ನಿಂತಿದೆ ಅಂತ ತಿಳೀದೇ ಎರಡು ವಾರ ಅದನ್ನ ಓಡ್ಸಿದ್ದೆ ಅನ್ನೋದು ಸಣ್ಣ ವಿಷ್ಯ ಅಲ್ಲ.

ಈಗ ಯಾಕೆ ಅನ್ನೋದು. ಟರ್ಮಿನಲ್ಲಿನಲ್ಲಿ ಕೈಯಾರೆ ಕೊಟ್ರೆ ಸರಿಯಾದ ಜಾಗಕ್ಕೆ ಹೋಗ್ತದೆ, ಪೈಥಾನಿನಿಂದ ಅದೇ ಕಮಾಂಡು, ಅದೇ ಸಿಡಬ್ಲ್ಯುಡಿ, ಬೇರೆ ಜಾಗಕ್ಕೆ ಹೋಗ್ತದೆ. ಪ್ರೋಗ್ರಾಮು ಕರ್ನಲ್ಲಿಗೆ ಮಾಡೋ ಕರೆಗಳನ್ನ (ಸಿಸ್ಟಮ್ ಕಾಲ್) ತೋರ್ಸೋ ಎಸ್‌ಟ್ರೇಸ್ ಹಾಕಿದೆ, ಮಕ್ಕಳ ಪ್ರಾಸೆಸ್ಸುಗಳನ್ನೂ ಹಿಂಬಾಲಿಸೋ -ಎಫ್ ಜೊತೆ, ಬರೇ ಸಿಎಚ್‌ಡಿಐಆರ್ ಸಿಸ್ಟಮ್ ಕಾಲ್ ಮಾತ್ರ ತೋರ್ಸು ಅಂತ. ಫೋಲ್ಡರ್ ಬದಲಾಯಿಸೋ ಕಾಲ್ ಅದೊಂದೇ ಸಾಕು. ಮೊದಲನೇ ಸಾಲು, ಪೈಥಾನಿನ ಮಗು ಲಿನಕ್ಸ್ ಫೋಲ್ಡರಿಗೆ ಹೋಯ್ತು, ಸರಿ. ಎರಡನೇದು, ಮೇಕ್ ಟೂಲ್ಸ್/ಪರ್ಫ್ ಒಳಗೆ ಹೋಯ್ತು, ಅದು -ಸಿ ಕೊಟ್ಟಿದ್ದಕ್ಕೆ, ಸರಿ. ಮೂರನೇ ಸಾಲು, ಮೇಕ್ ಹುಟ್ಟಿಸಿದ ಒಂದು ಪುಟ್ಟ ಶೆಲ್ಲು (ಕಮಾಂಡು ಓದಿ ಓಡಿಸೋ ಪ್ರೋಗ್ರಾಮು) ಮಳೆ ಫೋಲ್ಡರಿಗೆ ಹಾರಿತ್ತು. ಮಳೆ ಅನ್ನೋ ಹೆಸರನ್ನ ನಾನು ಆ ಕಮಾಂಡಿನಲ್ಲಿ ಎಲ್ಲೂ ಕೊಟ್ಟಿಲ್ಲ. ಅದಕ್ಕೆ ಯಾರು ಹೇಳಿದ್ರು?

ಟೂಲ್ಸ್/ಪರ್ಫ್ ಒಳಗಿನ ಮೇಕ್‌ಫೈಲನ್ನ ತೆರೆದು ಓದಿದೆ. ಅದು ಒಂದು ಹೆಬ್ಬಾಗಿಲು ಮಾತ್ರ, ಎಷ್ಟು ಕೋರಿದೆ ಅಂತ ಎಣಿಸಿ, ಔಟ್‌ಪುಟ್ ಪಾತನ್ನ ಪೂರ್ತಿ ಪಾತ್ ಮಾಡ್ಕೊಂಡು, ನಿಜವಾದ ಕೆಲಸವನ್ನ ಮೇಕ್‌ಫೈಲ್.ಪರ್ಫ್ ಅನ್ನೋ ಇನ್ನೊಂದು ಫೈಲಿಗೆ ದಾಟಿಸ್ತದೆ. ಪೂರ್ತಿ ಪಾತ್ ಮಾಡೋ ಸಾಲಿನಲ್ಲೇ ಇತ್ತು: ಮೊದ್ಲು ಪಿಡಬ್ಲ್ಯುಡಿ ಅನ್ನೋ ವೇರಿಯಬಲ್ಲಿನಲ್ಲಿರೋ ಫೋಲ್ಡರಿಗೆ ಸಿಡಿ ಮಾಡು, ಅಂದ್ರೆ ಹೋಗು, ಆಮೇಲೆ ಅಲ್ಲಿಂದ ರೀಡ್‌ಲಿಂಕ್ -ಎಫ್ ಹಾಕಿ ಓ ಎಲ್ಲಿದೆ ನೋಡು. ಟೂಲ್ಸ್/ಸ್ಕ್ರಿಪ್ಟ್ಸ್ ಒಳಗಿನ ಮೇಕ್‌ಫೈಲ್.ಇನ್‌ಕ್ಲೂಡ್‌ನಲ್ಲೂ ಇದೇ ಥರ, ಪಿಡಬ್ಲ್ಯುಡಿಗೆ ಹೋಗು, ಓ ಫೋಲ್ಡರ್ ಇದೆಯಾ ನೋಡು, ಇಲ್ದಿದ್ರೆ ಎರರ್ ಕೊಟ್ಟು ನಿಲ್ಸು. ನಾನು ಭಾವಂಗೆ ಮತ್ತೆ ಫೋನ್ ಮಾಡಿ ಪಿಡಬ್ಲ್ಯುಡಿ ಪಿಡಬ್ಲ್ಯುಡಿ ಅಂತ ಜೋರಾಗಿ ಹೇಳ್ತಿದ್ದಾಗ ಜಗಲಿಯಿಂದ ಅಪ್ಪ ಕೇಳಿದ್ರು, "ಎಂತದೋ ಪಿಡಬ್ಲ್ಯುಡಿ, ರಸ್ತೆ ವಿಷ್ಯನಾ?" ಈ ಪಿಡಬ್ಲ್ಯುಡಿ ಶೆಲ್ಲು ಇಟ್ಕೊಳ್ಳೋ ಎನ್ವಿರಾನ್‌ಮೆಂಟ್ ವೇರಿಯಬಲ್ಲು, ಈಗ ಯಾವ ಫೋಲ್ಡರಿನಲ್ಲಿದೀವಿ ಅನ್ನೋದು ಅದರಲ್ಲಿರ್ತದೆ. ನಾವು ಸಿಡಿ ಮಾಡಿದಾಗಲೆಲ್ಲ ಶೆಲ್ಲು ನಿಜವಾದ ಫೋಲ್ಡರ್ ಬದಲಾಯಿಸಿ, ಜೊತೆಗೆ ಈ ವೇರಿಯಬಲ್ಲಿನಲ್ಲೂ ಹೊಸ ಹೆಸರು ಬರೆದಿಡ್ತದೆ.

ಇಲ್ಲೇ ಇರೋದು ಗಂಟು. ಒಂದು ಪ್ರಾಸೆಸ್ ಎಲ್ಲಿ ನಿಂತಿದೆ ಅನ್ನೋದನ್ನ ಕರ್ನಲ್ ತನ್ನ ಹತ್ರ ಇಟ್ಕೊಂಡಿರ್ತದೆ, ಪ್ರಾಕ್ ಒಳಗೆ ಆ ಪ್ರಾಸೆಸ್ಸಿನ ನಂಬರಿನ ಕೆಳಗೆ ಸಿಡಬ್ಲ್ಯುಡಿ ಅಂತ ಲಿಂಕಿದೆ, ಅದು ಯಾವತ್ತೂ ಸುಳ್ಳು ಹೇಳಲ್ಲ. ಪಿಡಬ್ಲ್ಯುಡಿ ಹಾಗಲ್ಲ, ಅದು ಅಪ್ಪನ ಪ್ರಾಸೆಸ್ಸಿನಿಂದ ಮಗನಿಗೆ ಬರೋ ಒಂದು ಚೀಟಿ, ಅಷ್ಟೇ, ಅದರಲ್ಲಿ ಬರೆದ ಊರಿನಲ್ಲೇ ಮಗ ಇದಾನೆ ಅಂತ ಗ್ಯಾರಂಟಿ ಇಲ್ಲ. ನಾನು ಟರ್ಮಿನಲ್ಲಿನಲ್ಲಿ ಮಳೆ ಫೋಲ್ಡರಿನಲ್ಲಿದ್ದೆ, ಬ್ಯಾಶು ಚೀಟಿ ಮೇಲೆ ಮಳೆ ಅಂತ ಬರೀತು, ಪೈಥಾನಿಗೆ ಅದೇ ಚೀಟಿ ಬಂತು, ಪೈಥಾನು ಸಿಡಬ್ಲ್ಯುಡಿ ಕೊಟ್ಟಿದ್ದಕ್ಕೆ ಮೇಕನ್ನ ಲಿನಕ್ಸ್ ಫೋಲ್ಡರಿನಲ್ಲಿ ನಿಲ್ಲಿಸ್ತು, ಆದ್ರೆ ಚೀಟಿಯನ್ನ ತಿದ್ದಲಿಲ್ಲ. ಸಬ್‌ಪ್ರಾಸೆಸ್ ಯಾವತ್ತೂ ತಿದ್ದಲ್ಲ, ಅದು ಬರೇ ಸಿಎಚ್‌ಡಿಐಆರ್ ಮಾಡ್ತದೆ. ಮೇಕ್ ಕೂಡ ಪಿಡಬ್ಲ್ಯುಡಿ ಮುಟ್ಟಲ್ಲ, ಅದಕ್ಕೆ ಅದರದ್ದೇ ಆದ ಕರ್‌ಡಿಐಆರ್ ಅನ್ನೋ ವೇರಿಯಬಲ್ಲಿದೆ. ಹಾಗಾಗಿ ಮೇಕ್‌ಫೈಲು ಚೀಟಿ ಓದಿ, ಓಹೋ ಇವ್ನು ಮಳೆಯಿಂದ ಬಂದವ್ನು, ಬಿಲ್ಡ್ ಅಂದ್ರೆ ಮಳೆ/ಬಿಲ್ಡ್ ಅಂತ ಲೆಕ್ಕ ಹಾಕ್ತು. ಮೇಕ್‌ಫೈಲಿನ ತಲೆಗೆ ಎರಡೂ ವೇರಿಯಬಲ್ ಪ್ರಿಂಟ್ ಮಾಡೋ ಒಂದು ಇನ್‌ಫೋ ಸಾಲು ಸೇರಿಸಿ ನೋಡ್ದೆ, ಪಿಡಬ್ಲ್ಯುಡಿ ಮಳೆ ಅಂತು, ಕರ್‌ಡಿಐಆರ್ ಲಿನಕ್ಸ್/ಟೂಲ್ಸ್/ಪರ್ಫ್ ಅಂತು.

ಹಾಗಾದ್ರೆ ಮೇಕ್‌ಫೈಲಲ್ಲಿ ಪಿಡಬ್ಲ್ಯುಡಿ ತೆಗ್ದು ಕರ್‌ಡಿಐಆರ್ ಹಾಕಿದ್ರೆ ಮುಗೀತಲ್ಲ ಅಂತ ಮೊದ್ಲು ಅನ್ನಿಸ್ತು, ಒಂದು ಪ್ಯಾಚ್ ಬರ್ದೂ ನೋಡ್ದೆ. ಆಗಲ್ಲ. -ಸಿ ಕೊಟ್ಟಾಗ ಮೇಕ್ ಮೊದ್ಲು ಆ ಫೋಲ್ಡರಿಗೆ ಹೋಗಿ, ಆಮೇಲೇ ಕರ್‌ಡಿಐಆರ್ ಬರ್ಕೊಳ್ತದೆ, ಅಂದ್ರೆ ಕರ್‌ಡಿಐಆರ್ ಯಾವಾಗ್ಲೂ ಟೂಲ್ಸ್/ಪರ್ಫ್, ಆಗ ಬಿಲ್ಡ್ ಅಂದ್ರೆ ಟೂಲ್ಸ್/ಪರ್ಫ್/ಬಿಲ್ಡ್ ಆಗಿಬಿಡ್ತದೆ, ಅಂಥ ಫೋಲ್ಡರೇ ಇಲ್ಲ. ಗಿಟ್ ಲಾಗಿನಲ್ಲಿ ಆ ಸಾಲಿನ ಹಿಸ್ಟರಿ ತೆಗ್ದು ನೋಡಿದ್ರೆ ವಿಷಯ ಸ್ಪಷ್ಟ ಆಯ್ತು. 2020ರವರೆಗೆ ಇಲ್ಲಿ ಪಿಡಬ್ಲ್ಯುಡಿ ಇರ್ಲಿಲ್ಲ, ಕರ್ನಲ್ ಸೋರ್ಸಿನ ಮೇಲಿನ ಫೋಲ್ಡರಿನಲ್ಲಿ ನಿಂತು -ಸಿ ಜೊತೆ ಅರ್ಧ ಪಾತ್ ಕೊಟ್ಟವರಿಗೆ ಓ ಫೋಲ್ಡರ್ ಇಲ್ಲ ಅಂತ ಎರರ್ ಬರ್ತಿತ್ತು, ಅದನ್ನ ಸರಿ ಮಾಡೋಕೇ ಪಿಡಬ್ಲ್ಯುಡಿಗೆ ಸಿಡಿ ಮಾಡೋದನ್ನ ಸೇರಿಸಿದ್ದು. ಆ ತಿದ್ದುಪಡಿ ಸರಿಯಾಗೇ ಇದೆ ಅಂತ ನನ್ನ ಅಭಿಪ್ರಾಯ. ಕಮಾಂಡು ಕೊಟ್ಟವನು ಯಾವ ಫೋಲ್ಡರಿನಲ್ಲಿ ನಿಂತಿದ್ದ ಅನ್ನೋದನ್ನ -ಸಿ ಆದ್ಮೇಲೆ ಮೇಕ್‌ಫೈಲಿಗೆ ಹೇಳೋರು ಬೇರೆ ಯಾರೂ ಇಲ್ಲ, ಶೆಲ್ಲು ಕೊಟ್ಟ ಆ ಚೀಟಿ ಒಂದೇ ದಿಕ್ಕು. ಟರ್ಮಿನಲ್ಲಿನಲ್ಲಿ ಕೂತವನಿಗೆ ಅದು ಯಾವತ್ತೂ ಸರಿಯಾಗಿರ್ತದೆ. ಚೀಟಿ ತಿದ್ದದೇ ಮನೆ ಬದಲಾಯಿಸಿದ್ದು ನನ್ನ ಸ್ಕ್ರಿಪ್ಟು.

ಖಾತ್ರಿ ಮಾಡ್ಕೊಳ್ಳೋಕೆ ಮೂರು ಪ್ರಯೋಗ ಮಾಡ್ದೆ. ಪೈಥಾನಿನಲ್ಲಿ ಅದೇ ಕಮಾಂಡನ್ನ ಲಿಸ್ಟ್ ಬಿಟ್ಟು ಶೆಲ್=ಟ್ರೂ ಅಂತ ಒಂದೇ ಸ್ಟ್ರಿಂಗಾಗಿ ಕೊಟ್ಟೆ, ಸರಿಯಾದ ಜಾಗಕ್ಕೆ ಹೋಯ್ತು! ಯಾಕಂದ್ರೆ ಆಗ ಮಧ್ಯದಲ್ಲಿ ಒಂದು ಶೆಲ್ಲು ಹುಟ್ತದೆ, ಅದು ಏಳುವಾಗ್ಲೇ ಚೀಟಿಯಲ್ಲಿರೋ ಜಾಗ ನಾನು ನಿಂತ ಜಾಗನೇ ಹೌದಾ ಅಂತ ತಾಳೆ ನೋಡಿ, ಅಲ್ಲ ಅಂದ್ರೆ ತಿದ್ದಿ ಮುಂದೆ ಕೊಡ್ತದೆ. ನನ್ನ ಹಳೇ ಬ್ಯಾಶ್ ಸ್ಕ್ರಿಪ್ಟು ಯಾವ ತಕರಾರೂ ಇಲ್ದೆ ನಡೀತಿದ್ದಿದ್ದೂ ಅದಕ್ಕೇ, ಅದರಲ್ಲಿ ಸಿಡಿ ಅನ್ನೋ ಸಾಲಿತ್ತು. ಎರಡನೇದು, ಟರ್ಮಿನಲ್ಲಿನಲ್ಲಿ ಲಿನಕ್ಸ್ ಫೋಲ್ಡರಿನಲ್ಲೇ ನಿಂತು, ಪಿಡಬ್ಲ್ಯುಡಿಗೆ ಬೇಕಂತ್ಲೇ ಮಳೆ ಫೋಲ್ಡರಿನ ಹೆಸರು ಕೊಟ್ಟು ಎನ್ವ್ ಮೂಲಕ ಮೇಕ್ ಓಡ್ಸಿದೆ, ಪೈಥಾನ್ ಇಲ್ದೇನೂ ಮಳೆ/ಬಿಲ್ಡ್‌ಗೇ ಹೋಯ್ತು, ಅಲ್ಲಿಗೆ ಕಾರಣ ಖಚಿತ. ಮೂರನೇದು ಕುತೂಹಲಕ್ಕೆ, ಎನ್ವ್ -ಯು ಹಾಕಿ ಪಿಡಬ್ಲ್ಯುಡಿಯನ್ನ ಪೂರ್ತಿ ತೆಗ್ದು ಹಾಕಿ ಕೊಟ್ಟೆ. ಆಗ ಮೇಕ್‌ಫೈಲಿನ ಸಾಲು ಬರೇ ಸಿಡಿ ಆಗ್ತದೆ, ಶೆಲ್ಲಿಗೆ ಬರೇ ಸಿಡಿ ಅಂದ್ರೆ ಹೋಮ್ ಫೋಲ್ಡರಿಗೆ ಹೋಗು ಅಂತ ಅರ್ಥ, ಹೋಮಿನಲ್ಲಿ ಬಿಲ್ಡ್ ಅನ್ನೋ ಫೋಲ್ಡರ್ ಇಲ್ಲ, ಅದಕ್ಕೆ ಓ ಇಲ್ಲ ಅಂತ ಎರರ್ ಬಂದು ನಿಂತಿತು. ಅಂಥ ಹೆಸರಿನ ಫೋಲ್ಡರ್ ಹೋಮಿನಲ್ಲಿ ಇದ್ದಿದ್ರೆ ಅಲ್ಲೂ ಸದ್ದಿಲ್ದೆ ಹೋಗಿ ಕೂರ್ತಿತ್ತು.

ಸರಿ ಮಾಡಿದ್ದು ಹೀಗೆ. ಸ್ಕ್ರಿಪ್ಟಿನಲ್ಲಿ ಓಗೆ ಈಗ ಪೂರ್ತಿ ಪಾತ್ ಕೊಡ್ತೇನೆ, ಸ್ಲ್ಯಾಶಿನಿಂದ ಶುರುವಾಗೋದು, ಪಾಥ್‌ಲಿಬ್ಬಿನ ರಿಸಾಲ್ವ್ ಹಾಕಿದ್ರೆ ಆಯ್ತು, ಆಗ ಮೇಕ್‌ಫೈಲು ಎಲ್ಲಿಗೆ ಸಿಡಿ ಮಾಡಿದ್ರೂ ಬೇರೆ ಅರ್ಥ ಬರಲ್ಲ. ಎನ್ವಿರಾನ್‌ಮೆಂಟಿನಲ್ಲಿ ಪಿಡಬ್ಲ್ಯುಡಿಯನ್ನೂ ಸಿಡಬ್ಲ್ಯುಡಿಗೆ ಹೊಂದೋ ಹಾಗೆ ತಿದ್ದಿ ಕಳಿಸ್ತೇನೆ, ಇದನ್ನ ಓದೋ ಮೇಕ್‌ಫೈಲು ಟೂಲ್ಸ್ ಫೋಲ್ಡರಿನಲ್ಲಿ ಪರ್ಫ್ ಒಂದೇ ಅಲ್ಲ. ಬಿಲ್ಡಿಗೆ ಮುಂಚೆ ಹಳೇ ಬೈನರಿ ಅಳಿಸಿ, ಬಿಲ್ಡ್ ಆದ್ಮೇಲೆ ಅದೇ ಜಾಗದಲ್ಲಿ ಹೊಸದು ಹುಟ್ಟಿದ್ರೆ ಮಾತ್ರ ಕಾಪಿ. ಔಟ್‌ಪುಟ್ ಮುಚ್ಚಿಡೋದನ್ನ ಬಿಟ್ಟೆ. ಪರ್ಫ್‌ನ ಬಿಲ್ಡ್ ಸಾಲುಗಳಲ್ಲಿ ಪ್ರತೀ ಫೈಲಿಗೂ ಔಟ್‌ಪುಟ್ ಪಾತ್ ಪೂರ್ತಿ ಬರ್ತದೆ, ಕೊನೆಗೆ ಲಿಂಕ್ ಅಂತ ಬರೋ ಸಾಲಿನಲ್ಲಿ ಮಳೆ/ಬಿಲ್ಡ್/ಪರ್ಫ್ ಅಂತ ಮೊದಲ ದಿನವೇ ಬರ್ದಿರ್ತಿತ್ತು, ನಾನು ನೋಡೋ ಹಾಗೆ ಇಟ್ಟಿರ್ಲಿಲ್ಲ. ಮಳೆ/ಬಿಲ್ಡ್ ಒಳಗೆ ಸೇರಿದ್ದ ಲಿಬ್‌ಪರ್ಫ್, ಲಿಬ್‌ಎಪಿಐ, ಲಿಬ್‌ಸಬ್‌ಸಿಎಮ್‌ಡಿ ಫೋಲ್ಡರುಗಳನ್ನೆಲ್ಲ ತೆಗ್ದು, ಲಾಗರನ್ನ ಮತ್ತೊಂದ್ಸಲ ಬಿಲ್ಡ್ ಮಾಡ್ದೆ. ಅದಾದ್ಮೇಲೆ ಒಂದು ಫೈಲ್ ತಿದ್ದಿದ್ರೆ ಆ ಒಂದೇ ಫೈಲ್ ಕಂಪೈಲ್ ಆಗ್ತಿದೆ.

ಇನ್ನು ಮಳೆ ಲೆಕ್ಕ. ಲಾಗರಿನಲ್ಲಿ ಆ ಪಿನ್ನನ್ನ ಕೇಳ್ಕೊಳ್ಳುವಾಗ ರೈನ್ ಅಂತ ಹೆಸರು ಕೊಟ್ಟಿದ್ದೆ, ಕರ್ನಲ್ಲಿನಲ್ಲಿ ಆ ಇಂಟರಪ್ಟಿಗೂ ಅದೇ ಹೆಸರು ಬೀಳ್ತದೆ, ಹಾಗಾಗಿ ಪರ್ಫ್‌ನಲ್ಲಿ ನೇಮ್ ರೈನ್ ಇದ್ದಿದ್ದು ಮಾತ್ರ ತೋರ್ಸು ಅಂತ ಫಿಲ್ಟರ್ ಹಾಕಿದೆ. ಅವತ್ತು ಸಂಜೆ ಹೊಳವಾಗಿತ್ತು, ಮಳೆ ಒಂದು ಹನಿ ಇಲ್ಲ. ಟರ್ಮಿನಲ್ ಖಾಲಿ. ಕಷಾಯ ಕುಡೀತಾ ಕೂತಿದ್ದೆ, ಒಳಗಿಂದ ಆಯಿ "ತಮಾ, ಕರೆಂಟು ಹೋತು" ಅಂದ್ರು, ಇನ್ವರ್ಟರು ಟಕ್ ಅಂತು, ಅದೇ ಗಳಿಗೆಗೆ ಸ್ಕ್ರೀನ್ ಮೇಲೆ ಏಳು ಸಾಲು ಒಟ್ಟಿಗೆ ಬಂದ್ವು, ಒಂದಕ್ಕೊಂದು ಮಧ್ಯೆ ಕೆಲವೇ ಮೈಕ್ರೋಸೆಕೆಂಡು. ಬಟ್ಟಲು ಮಗುಚೋದು ಹಾಗಿರಲ್ಲ. ಗಂಟೆಗೆ 100 ಮಿಲಿಮೀಟರ್ ಸುರಿಯೋ ಮಳೇಲೂ 500 ಸಲ ಮಗುಚಬೇಕು, ಅಂದ್ರೆ ಏಳು ಸೆಕೆಂಡಿಗೊಂದು. ಹತ್ತು ನಿಮಿಷ ಬಿಟ್ಟು ಕರೆಂಟು ಬಂತು, ಇನ್ವರ್ಟರು ಮತ್ತೆ ಟಕ್, ಮತ್ತೆ ನಾಲ್ಕು ಸಾಲು. ಲಾಗರು ತಪ್ಪು ಎಣಿಸ್ತಿರ್ಲಿಲ್ಲ, ಇನ್ವರ್ಟರಿನ ರಿಲೇ ಬದಲಾಗೋ ಹೊತ್ತಿಗೆ ಗೋಡೆಗುಂಟ ಕರೆಂಟಿನ ವಯರಿನ ಜೊತೇಲೇ ಬಂದ ನನ್ನ ಮಾಪಕದ ವಯರಿನಲ್ಲಿ ಏಳೋ ಸುಳ್ಳು ಸಿಗ್ನಲ್ಲನ್ನ (ನಾಯ್ಸ್) ಕರ್ನಲ್ಲು ನಿಜವಾದ ಇಂಟರಪ್ಟ್ ಅಂತಲೇ ತಗೊಳ್ತಿತ್ತು.

ಪೈ ಒಳಗಿರೋ ಪುಲ್-ಅಪ್ಪು, ಅಂದ್ರೆ ಸ್ವಿಚ್ಚು ತೆರೆದಿದ್ದಾಗ ಪಿನ್ನನ್ನ 3.3 ವೋಲ್ಟಿನಲ್ಲಿ ಹಿಡಿದಿಡೋ ರೆಸಿಸ್ಟರ್ರು, ಸುಮಾರು 50 ಕಿಲೋ ಓಮ್, ಉದ್ದ ವಯರಿಗೆ ಅದು ತೀರಾ ಬಲಹೀನ. ಹೊರಗಿಂದ 3.3 ವೋಲ್ಟಿಗೆ 10 ಕಿಲೋ ಓಮಿನ ರೆಸಿಸ್ಟರ್ರು, ಪಿನ್ನಿಗೂ ಗ್ರೌಂಡಿಗೂ ಮಧ್ಯೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ರು ಬೆಸುಗೆ ಹಾಕಿ, ವಯರನ್ನ ಶೀಲ್ಡ್ ಇರೋದಕ್ಕೆ ಬದಲಾಯಿಸಿ, ಕರೆಂಟಿನ ಪೈಪಿನಿಂದ ಒಂದು ಮೊಳ ದೂರ ಎಳ್ದೆ. ನಿನ್ನೆ ರಾತ್ರಿ ಕರೆಂಟು ನಾಲ್ಕು ಸಲ ಹೋಗಿ ಬಂತು, ಪರ್ಫ್ ಓಡ್ತಾ ಇತ್ತು, ಮಳೆ ಶುರುವಾಗೋವರೆಗೂ ಒಂದೂ ಸಾಲು ಬರ್ಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಪೈ 38.4 ಅಂತು, ಅಪ್ಪ ಗಾಜಿನ ಪಾತ್ರೆ ಎತ್ತಿ ಬೆಳಕಿಗೆ ಹಿಡಿದು ನೋಡಿ ಪಂಚಾಂಗದಲ್ಲಿ 38 ಅಂತ ಬರೆದ್ರು.